ಹಬ್ಬದ ಸಿಹಿಯೂ ಆಹಾರ ಒಗ್ಗದ ಮಕ್ಕಳೂ

ಶಾಲೆಯ ವರ್ಷವನ್ನು ಹಿರಿಯರು ಪರೀಕ್ಷೆಗಳಿಂದ ಎಣಿಸುತ್ತಾರೆ. ಮಕ್ಕಳು ಹಬ್ಬಗಳಿಂದ ಎಣಿಸುತ್ತಾರೆ. ನಾಗರಪಂಚಮಿಯ ಉಂಡೆ, ಸ್ವಾತಂತ್ರ್ಯೋತ್ಸವದ ಬೂಂದಿ ಲಾಡು, ದೀಪಾವಳಿಯ ಕರ್ಚಿಕಾಯಿ, ಸಂಕ್ರಮಣದ ಎಳ್ಳು-ಬೆಲ್ಲ, ಜಾತ್ರೆಯ ಮಾದಲಿ, ಬಸವ ಜಯಂತಿಯ ಪಾಯಸ - ಇವು ಮಕ್ಕಳ ನೆನಪಿನಲ್ಲಿ ಪಾಠಗಳಿಗಿಂತಲೂ ಹೆಚ್ಚು ಕಾಲ ಉಳಿಯುತ್ತವೆ. ಮಠಗಳ ಆಶ್ರಯದಲ್ಲಿ ನಡೆಯುವ ಶಾಲೆಗಳಲ್ಲಿಯೂ ಪ್ರಸಾದ ನಿಲಯಗಳಲ್ಲಿಯೂ ಈ ಸಿಹಿಗೆ ಇನ್ನೊಂದು ಅರ್ಥವಿದೆ. ಸಾಲಾಗಿ ಕುಳಿತ ಎಲ್ಲ ಮಕ್ಕಳಿಗೂ ಒಂದೇ ಪಾತ್ರೆಯಿಂದ ಒಂದೇ ಅಳತೆಯಲ್ಲಿ ಬಡಿಸುವಾಗ, ಇಲ್ಲಿ ಮೇಲು-ಕೀಳೆಂಬುದಿಲ್ಲವೆಂಬ ಪಾಠವನ್ನು ಮಕ್ಕಳು ಬಾಯಿಪಾಠವಿಲ್ಲದೆಯೇ ಕಲಿಯುತ್ತಾರೆ.

ಆದರೆ ಅದೇ ಸಾಲಿನಲ್ಲಿ ಶೇಂಗಾ ಒಗ್ಗದ ಒಂದು ಮಗು ಕುಳಿತಿರಬಹುದು. ಅದರ ಮುಂದೆ ಎರಡೇ ದಾರಿಗಳು: ಎಲ್ಲರೂ ತಿನ್ನುತ್ತಿರುವಾಗ ಕೈಕಟ್ಟಿ ಕುಳಿತುಕೊಳ್ಳುವುದು, ಇಲ್ಲವೇ ನಾಚಿಕೆಗೋ ಒತ್ತಾಯಕ್ಕೋ ಮಣಿದು ತಿಂದು ಪ್ರಾಣಕ್ಕೆ ಅಪಾಯ ತಂದುಕೊಳ್ಳುವುದು. ಈ ಎರಡನ್ನೂ ತಪ್ಪಿಸುವ ಮೂರನೆಯ ದಾರಿಯೊಂದುಂಟು. ಅದಕ್ಕೆ ಹೆಚ್ಚಿನ ಹಣ ಬೇಕಾಗಿಲ್ಲ. ಬಡಿಸುವ ಕೈ ಬಡಿಸುವ ಮೊದಲು ಕೇಳಿ ತಿಳಿದಿದ್ದರೆ ಸಾಕು. ಆ ದಾರಿಯನ್ನು ಶಿಕ್ಷಕರು, ಹಳೆಯ ವಿದ್ಯಾರ್ಥಿಗಳು ಮತ್ತು ದಾನಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಅಲರ್ಜಿ ಎಂದರೇನು?

ಒಬ್ಬರಿಗೆ ಅಮೃತವಾದ ಆಹಾರವು ಇನ್ನೊಬ್ಬರಿಗೆ ನಂಜಾಗಬಹುದೆಂಬುದು ಹಳ್ಳಿಯ ಹಿರಿಯರಿಗೂ ತಿಳಿದಿದ್ದ ಸಂಗತಿ. ಇದಕ್ಕೆ ವೈದ್ಯಶಾಸ್ತ್ರದ ಹೆಸರು ದೊರೆತುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. 1902ರಲ್ಲಿ ಫ್ರಾನ್ಸಿನ ಷಾರ್ಲ್ ರಿಷೆ ಮತ್ತು ಪಾಲ್ ಪೋರ್ಟಿಯೆ ಎಂಬ ವಿಜ್ಞಾನಿಗಳು ಸಮುದ್ರಜೀವಿಯೊಂದರ ವಿಷವನ್ನು ನಾಯಿಗಳಿಗೆ ಚುಚ್ಚಿ ಪ್ರಯೋಗ ನಡೆಸಿದರು. ಮೊದಲ ಬಾರಿ ವಿಷವನ್ನು ತಡೆದುಕೊಂಡ ನಾಯಿಗೆ ಕೆಲವು ವಾರಗಳ ಬಳಿಕ ಅತ್ಯಲ್ಪ ಪ್ರಮಾಣವನ್ನು ಕೊಟ್ಟಾಗ, ಅದು ಕೆಲವೇ ನಿಮಿಷಗಳಲ್ಲಿ ಕುಸಿದು ಸತ್ತಿತು. ರಕ್ಷಣೆ ಬೆಳೆಯಬೇಕಾದ ಕಡೆ ಅದಕ್ಕೆ ವಿರುದ್ಧವಾದುದು ಬೆಳೆದಿತ್ತು. ಈ ಸ್ಥಿತಿಗೆ ಅವರು ಅನಾಫಿಲ್ಯಾಕ್ಸಿಸ್ ಎಂದು ಹೆಸರಿಟ್ಟರು. ಈ ಸಂಶೋಧನೆಗಾಗಿ ರಿಷೆಯವರಿಗೆ 1913ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅಲರ್ಜಿ ಎಂಬ ಪದವನ್ನು 1906ರಲ್ಲಿ ಬಳಕೆಗೆ ತಂದವರು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ರಕ್ತದಲ್ಲಿ ಈ ಪ್ರತಿಕ್ರಿಯೆಯನ್ನು ಎಬ್ಬಿಸುವ ಐಜಿಇ ಎಂಬ ಪ್ರತಿಕಾಯವನ್ನು 1960ರ ದಶಕದ ಉತ್ತರಾರ್ಧದಲ್ಲಿ ಜಪಾನಿನ ಇಶಿಝಾಕಾ ದಂಪತಿಗಳೂ ಸ್ವೀಡನ್ನಿನ ವಿಜ್ಞಾನಿಗಳೂ ಗುರುತಿಸಿದರು.

ಸರಳವಾಗಿ ಹೇಳುವುದಾದರೆ, ಶರೀರದ ಕಾವಲುಗಾರನು ನೆಂಟನನ್ನು ಕಳ್ಳನೆಂದು ತಿಳಿದು ಮಾಡುವ ಗದ್ದಲವೇ ಅಲರ್ಜಿ. ಶೇಂಗಾ, ಹಾಲು, ಮೊಟ್ಟೆ ಮುಂತಾದವುಗಳಲ್ಲಿರುವ ನಿರುಪದ್ರವಿ ಸಸಾರಜನಕವನ್ನು ಶರೀರವು ಶತ್ರುವೆಂದು ಬಗೆಯುತ್ತದೆ. ಆ ವಸ್ತು ಮತ್ತೆ ಹೊಟ್ಟೆಗೆ ಹೋದಾಗ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ಒಮ್ಮೆಲೇ ಹೊರಬೀಳುತ್ತವೆ. ಆಗ ಮೈಮೇಲೆ ದದ್ದು, ತುಟಿ-ಕಣ್ಣುಗಳ ಊತ, ವಾಂತಿ, ಉಬ್ಬಸ ಕಾಣಿಸಿಕೊಳ್ಳುತ್ತವೆ. ಪ್ರಕರಣವು ತೀವ್ರವಾದರೆ ಉಸಿರು ಕಟ್ಟುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಕೆಲವು ಮಕ್ಕಳಿಗೆ ಬೆರಳ ತುದಿಗೆ ಹತ್ತುವಷ್ಟು ಪುಡಿಯೂ ಸಾಕಾಗುತ್ತದೆ. ಆದುದರಿಂದ 'ಸ್ವಲ್ಪ ತಿಂದರೆ ಏನಾಗುತ್ತದೆ?' ಎಂಬ ಅಕ್ಕರೆಯ ಮಾತು ಈ ಮಕ್ಕಳ ವಿಷಯದಲ್ಲಿ ಅಪಾಯದ ಮಾತಾಗುತ್ತದೆ.

ಇದನ್ನು ಹೋಲುವ ಬೇರೆ ತೊಂದರೆಗಳೂ ಇವೆ. ಹಾಲಿನ ಸಕ್ಕರೆಯನ್ನು ಜೀರ್ಣಿಸಿಕೊಳ್ಳಲಾರದ ಮಗುವಿಗೆ ಹೊಟ್ಟೆಯುಬ್ಬರ, ಭೇದಿ ಆಗುತ್ತವೆ, ಪ್ರಾಣಭಯವಿಲ್ಲ. ಸೀಲಿಯಾಕ್ ಎಂಬ ರೋಗದಲ್ಲಿ ಗೋಧಿ, ಜವೆಗೋಧಿಗಳಲ್ಲಿರುವ ಗ್ಲುಟೆನ್ ಎಂಬ ಅಂಶವು ಕರುಳಿನ ಒಳಪದರವನ್ನು ಮೆಲ್ಲಮೆಲ್ಲನೆ ಹಾಳುಮಾಡುತ್ತದೆ. ಗೋಧಿಯೇ ಇದಕ್ಕೆ ಕಾರಣವೆಂಬುದನ್ನು ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಕಂಡುಹಿಡಿದವರು ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಡಿಕ್. ಈ ಮೂರರ ಭೇದವನ್ನು ನಿರ್ಣಯಿಸುವುದು ವೈದ್ಯರ ಕೆಲಸ. ಯಾವ ಮಗುವಿಗೆ ಯಾವ ಪದಾರ್ಥ ವರ್ಜ್ಯವೆಂಬುದನ್ನು ತಿಳಿದುಕೊಂಡು ನಡೆಯುವುದು ಶಾಲೆಯ ಕೆಲಸ.

ಎಷ್ಟು ಮಕ್ಕಳಿಗೆ?

ಈ ತೊಂದರೆಯು ಪಾಶ್ಚಾತ್ಯ ದೇಶಗಳಲ್ಲಿರುವಷ್ಟು ವ್ಯಾಪಕವಾಗಿ ಇಲ್ಲಿಲ್ಲವೆಂಬುದು ಸಮಾಧಾನದ ಸಂಗತಿ. ಯುರೋಪಿನ ಸಂಶೋಧಕರ ಸಹಯೋಗದಲ್ಲಿ ಬೆಂಗಳೂರು ಮತ್ತು ಮೈಸೂರು ಪ್ರದೇಶಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಯಸ್ಕರ ಪೈಕಿ ಸುಮಾರು ಕಾಲುಭಾಗದವರ ರಕ್ತದಲ್ಲಿ ಯಾವುದಾದರೊಂದು ಆಹಾರಕ್ಕೆ ಸಂಬಂಧಿಸಿದ ಪ್ರತಿಕಾಯಗಳು ಕಂಡುಬಂದವು. ಆದರೆ ನಿಜವಾಗಿ ಅಲರ್ಜಿಯುಳ್ಳವರೆಂದು ಭಾವಿಸಬಹುದಾದವರು ನೂರಕ್ಕೆ ಒಬ್ಬರಷ್ಟು ಮಾತ್ರ. ಮಕ್ಕಳ ಕುರಿತು 2020ರಲ್ಲಿ ಪ್ರಕಟವಾದ ಇದೇ ಅಧ್ಯಯನ ಮಾಲೆಯ ವರದಿಯಲ್ಲಿ, ಕರ್ನಾಟಕದ ಮಕ್ಕಳಲ್ಲಿ ಈ ಪ್ರಮಾಣವು ಸಾವಿರಕ್ಕೆ ಒಬ್ಬಿಬ್ಬರಷ್ಟಿತ್ತು.

ಇದರಿಂದ ಎರಡು ಪಾಠಗಳು ದೊರೆಯುತ್ತವೆ. ಮೊದಲನೆಯದು: ರಕ್ತಪರೀಕ್ಷೆಯ ಒಂದು ಚೀಟಿಯನ್ನು ಮಾತ್ರ ನಂಬಿ ಮಗುವಿಗೆ ಹಾಲು, ಬೇಳೆ, ಶೇಂಗಾಗಳನ್ನು ನಿಲ್ಲಿಸಬಾರದು. ತಿಂದಾಗ ಏನಾಯಿತೆಂಬ ವೃತ್ತಾಂತವನ್ನು ಪರೀಕ್ಷೆಯ ಜೊತೆಗಿಟ್ಟು ವೈದ್ಯರೇ ನಿರ್ಣಯಿಸಬೇಕು. ಎರಡನೆಯದು: ಸಾವಿರ ಮಕ್ಕಳ ಶಾಲೆಯಲ್ಲಿ ಇಂಥ ಮಗು ಒಂದೋ ಎರಡೋ ಇರುವುದರಿಂದಲೇ ಅದು ಗಮನಕ್ಕೆ ಬಾರದೆ ಹೋಗುತ್ತದೆ. ನೂರು ಮಕ್ಕಳಿಗೆ ತೊಂದರೆಯಾಗುವುದಿದ್ದರೆ ಯಾರೂ ಹೇಳದೆಯೇ ಅಡುಗೆ ಬದಲಾಗುತ್ತಿತ್ತು. ಒಂದೇ ಮಗುವಿಗಾಗಿ ಬದಲಾಗುವ ಅಡುಗೆಮನೆಯಲ್ಲಿಯೇ ದಾಸೋಹದ ಪರೀಕ್ಷೆಯಿದೆ.

ಹಬ್ಬದ ತಟ್ಟೆಯಲ್ಲಿ ಏನೇನಿದೆ?

ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಾವಳಿಯು ಪೊಟ್ಟಣದ ಆಹಾರದ ಮೇಲೆ ಸ್ಪಷ್ಟವಾಗಿ ನಮೂದಿಸಬೇಕಾದ ಪದಾರ್ಥಗಳನ್ನು ಪಟ್ಟಿಮಾಡಿದೆ. ಗ್ಲುಟೆನ್ ಇರುವ ಧಾನ್ಯ, ಸಿಗಡಿ-ಏಡಿಗಳಂಥ ಜಲಚರ, ಹಾಲು, ಮೊಟ್ಟೆ, ಮೀನು, ಶೇಂಗಾ ಹಾಗೂ ಗೋಡಂಬಿ-ಬಾದಾಮಿಯಂಥ ಮರದ ಬೀಜಗಳು, ಸೋಯಾ ಅವರೆ ಮತ್ತು ಸಲ್ಫೈಟ್ ಎಂಬ ಸಂರಕ್ಷಕ - ಇವು ಆ ಪಟ್ಟಿಯಲ್ಲಿವೆ. ಎಳ್ಳಿನ ಹೆಸರು ಅದರಲ್ಲಿ ಸೇರಿರಲಿಲ್ಲ. ಆದರೆ ಎಳ್ಳನ್ನು ಲಘುವಾಗಿ ಕಾಣುವಂತಿಲ್ಲ. ಬ್ರಿಟನ್ನಿನಲ್ಲಿ 2016ರಲ್ಲಿ ಎಳ್ಳು ಬೆರೆತ ರೊಟ್ಟಿಯನ್ನು ತಿಂದ ಹದಿನೈದರ ಬಾಲಕಿಯೊಬ್ಬಳು ಮೃತಪಟ್ಟಳು. ಅಂಗಡಿಯಲ್ಲಿಯೇ ಕಟ್ಟಿಡುವ ತಿನಿಸಿನ ಮೇಲೂ ಪದಾರ್ಥಗಳ ಪೂರ್ಣ ವಿವರವಿರಬೇಕೆಂಬ ಕಾನೂನು ಅಲ್ಲಿ 2021ರಲ್ಲಿ ಜಾರಿಗೆ ಬಂದುದು ಆ ಸಾವಿನ ಫಲವಾಗಿ. ಅಮೆರಿಕವು 2023ರ ಜನವರಿಯಿಂದ ಎಳ್ಳನ್ನೂ ಕಡ್ಡಾಯವಾಗಿ ನಮೂದಿಸಬೇಕಾದ ಪದಾರ್ಥವನ್ನಾಗಿಸಿತು.

ಕರ್ನಾಟಕದ ಹಬ್ಬದ ತಟ್ಟೆಯನ್ನು ಈ ಕಣ್ಣಿನಿಂದ ನೋಡಿದರೆ ಹಲವು ವಿಷಯಗಳು ತೋರಿಬರುತ್ತವೆ.

ಸಂಕ್ರಮಣದ ಎಳ್ಳು-ಬೆಲ್ಲದಲ್ಲಿ ಎಳ್ಳು, ಶೇಂಗಾ, ಪುಠಾಣಿ, ಕೊಬ್ಬರಿ, ಬೆಲ್ಲ - ಹೀಗೆ ಐದು ಪದಾರ್ಥಗಳು ಬೆರೆತಿರುತ್ತವೆ. ಅವುಗಳಲ್ಲಿ ಮೊದಲೆರಡು ತೀವ್ರ ಅಲರ್ಜಿಗೆ ಹೆಸರಾದವು. ಒಮ್ಮೆ ಬೆರೆತ ಮೇಲೆ ಶೇಂಗಾವನ್ನು ಆರಿಸಿ ತೆಗೆದರೂ ಅದರ ಹೊಟ್ಟು, ಪುಡಿ ಉಳಿಯುತ್ತವೆ. ಜೊತೆಗೆ ಕೊಡುವ ಸಕ್ಕರೆ ಅಚ್ಚು ನೋಡಲು ಬರಿಯ ಸಕ್ಕರೆಯಾದರೂ, ಪಾಕದ ಕೊಳೆಯನ್ನು ತೆಗೆಯಲು ಅದಕ್ಕೆ ಹಾಲು ಹಾಕುವ ವಾಡಿಕೆಯುಂಟು. ಹಾಲು ಒಗ್ಗದ ಮಗುವಿಗೆ ಅದೂ ವರ್ಜ್ಯ.

ನಾಗರಪಂಚಮಿಯು ಉತ್ತರ ಕರ್ನಾಟಕದಲ್ಲಿ ಉಂಡೆಗಳ ಹಬ್ಬ. ಶೇಂಗಾ ಉಂಡೆ, ಎಳ್ಳುಂಡೆ, ಬೇಸನ್ ಉಂಡೆ, ರವೆ ಉಂಡೆ, ತಂಬಿಟ್ಟು, ಜೋಳದ ಅರಳಿನ ಉಂಡೆ, ಚುರಮುರಿ ಉಂಡೆ - ಎಲ್ಲವೂ ಒಂದೇ ದಿನ, ಒಂದೇ ಒಲೆಯ ಮೇಲೆ, ಒಂದೇ ಕೈಯಲ್ಲಿ ಆಗುತ್ತವೆ. ಅರಳಿನ ಉಂಡೆಯಲ್ಲಿ ಶೇಂಗಾ ಇಲ್ಲದಿರಬಹುದು. ಅದನ್ನು ಕಟ್ಟಿದ ಕೈಯಲ್ಲಿ ಇರಬಹುದು.

ಬೂಂದಿ ಲಾಡು ಕಡಲೆಹಿಟ್ಟಿನದು. ಮೇಲೆ ಗೋಡಂಬಿ, ತುಪ್ಪ. ಕಡಲೆ ಒಗ್ಗದ ಪ್ರಕರಣಗಳೂ ಭಾರತದಲ್ಲಿ ದಾಖಲಾಗಿವೆ. ಧಾರವಾಡದ ಪೇಡೆ, ಬೆಳಗಾವಿಯ ಕುಂದಾ ಹಾಲಿನವು. ಗೋಕಾಕದ ಕರದಂಟಿನಲ್ಲಿ ಗೋಡಂಬಿ, ಬಾದಾಮಿಗಳಿರುತ್ತವೆ. ಹೋಳಿಗೆ, ಮಾದಲಿಗಳಿಗೆ ಗೋಧಿಯೇ ಆಧಾರ. ಹಾಲು ಕಾಯಿಸಿದರೆ ದೋಷ ಹೋಗುತ್ತದೆಂದೂ, ತುಪ್ಪದಲ್ಲಿ ಹಾಲಿನ ಅಂಶವಿಲ್ಲವೆಂದೂ ಹಲವರ ನಂಬಿಕೆ. ತುಪ್ಪದಲ್ಲಿಯೂ ಹಾಲಿನ ಸಸಾರಜನಕದ ಲವಲೇಶ ಉಳಿಯುತ್ತದೆ. ಶೇಂಗಾವನ್ನು ಹುರಿದರೆ ಅದರ ಅಲರ್ಜಿಕಾರಕ ಗುಣ ಕುಗ್ಗುವುದರ ಬದಲು ಹೆಚ್ಚುವುದೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ಕಾರ್ಖಾನೆಯಲ್ಲಿ ಪೂರ್ಣವಾಗಿ ಶುದ್ಧೀಕರಿಸಿದ ಶೇಂಗಾ ಎಣ್ಣೆಯಲ್ಲಿ ಸಸಾರಜನಕವು ಬಹುಮಟ್ಟಿಗೆ ಇರುವುದಿಲ್ಲ. ಗಾಣದ ಎಣ್ಣೆಯಲ್ಲಿ ಉಳಿದಿರುತ್ತದೆ. ಅಂಗಡಿಯ ಕೂಟುಹಿಂಗಿನಲ್ಲಿ ಸಾಮಾನ್ಯವಾಗಿ ಗೋಧಿಯ ಹಿಟ್ಟೇ ಹೆಚ್ಚು ಬೆರೆತಿರುತ್ತದೆಂಬುದನ್ನು ಸೀಲಿಯಾಕ್ ರೋಗವುಳ್ಳ ಮಗುವಿನ ಮನೆಯವರು ಮರೆಯುವಂತಿಲ್ಲ.

ನಿಷೇಧವೋ, ಬದಲಿಯೋ?

ಕೆಲವು ದೇಶಗಳ ಶಾಲೆಗಳು ಶೇಂಗಾವನ್ನು ಆವರಣದೊಳಗೆ ತರುವುದನ್ನೇ ನಿಷೇಧಿಸಿವೆ. ಆ ಮಾರ್ಗವು ಈ ನಾಡಿಗೆ ಹೊಂದುವುದಿಲ್ಲ. ಶೇಂಗಾ ಬಡವರ ಬಾದಾಮಿ. ರೊಟ್ಟಿ-ಶೇಂಗಾ ಹಿಂಡಿಯ ಬುತ್ತಿಯನ್ನು ತರುವ ನೂರಾರು ಮಕ್ಕಳಿಗೆ ದಿನದ ಸಸಾರಜನಕದ ಬಹುಭಾಗ ಅದರಿಂದಲೇ ದೊರೆಯುತ್ತದೆ. ಒಬ್ಬರ ರಕ್ಷಣೆಗಾಗಿ ನೂರು ಮಂದಿಯ ಪೌಷ್ಟಿಕಾಂಶವನ್ನು ಕಿತ್ತುಕೊಂಡರೆ, ಆ ಒಂದು ಮಗುವಿನ ಮೇಲೆ ತರಗತಿಯ ಮುನಿಸೂ ಬೀಳುತ್ತದೆ. ಮಗುವನ್ನು ಬೇರೆ ಕೋಣೆಯಲ್ಲಿ ಕೂರಿಸುವುದು ಇನ್ನೂ ಕೆಟ್ಟ ಕ್ರಮ. ಅದು ಹೊಸ ಹೆಸರಿನ ಪಂಕ್ತಿಭೇದವಾಗುತ್ತದೆ.

ಉಳಿದ ಮಾರ್ಗವೆಂದರೆ ಬದಲಿ. ಈ ತತ್ತ್ವವು ಕರ್ನಾಟಕದ ಶಾಲೆಗಳಿಗೆ ಹೊಸದೇನಲ್ಲ. 2022-23ರಲ್ಲಿ ರಾಜ್ಯದ ಮಧ್ಯಾಹ್ನದ ಬಿಸಿಯೂಟದ ಜೊತೆಗೆ ಮೊಟ್ಟೆಯನ್ನು ಕೊಡಲಾದಾಗ, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿಯನ್ನು ಕೊಡುವ ವ್ಯವಸ್ಥೆಯಾಯಿತು. ಮನೆತನದ ಆಚಾರಕ್ಕಾಗಿ ಬದಲಿ ಪದಾರ್ಥವನ್ನು ಒದಗಿಸಬಹುದಾದರೆ, ಪ್ರಾಣರಕ್ಷಣೆಗಾಗಿ ಒದಗಿಸುವುದು ಅದಕ್ಕಿಂತ ಕಷ್ಟವಾಗಲಾರದು.

ಸಂಪ್ರದಾಯ ಕೆಡುತ್ತದೆಂಬ ಆಕ್ಷೇಪವೂ ಬರಬಹುದು. ಶೇಂಗಾ ಮತ್ತು ಗೋಡಂಬಿ ಎರಡೂ ದಕ್ಷಿಣ ಅಮೆರಿಕದ ಮೂಲದವು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಬಂದ ಬಳಿಕವೇ ಈ ನಾಡಿಗೆ ತಲುಪಿದವು. ಹನ್ನೆರಡನೆಯ ಶತಮಾನದ ಕಲ್ಯಾಣದ ದಾಸೋಹದಲ್ಲಿ ಶೇಂಗಾದ ಹೋಳಿಗೆಯೂ ಇರಲಿಲ್ಲ, ಗೋಡಂಬಿಯ ಪಾಯಸವೂ ಇರಲಿಲ್ಲ. ಹೊರಗಿನಿಂದ ಬಂದ ಪದಾರ್ಥವನ್ನು ಒಳಗೆ ಕರೆದುಕೊಂಡ ಹಬ್ಬದ ತಟ್ಟೆಯು, ಒಂದು ಮಗುವನ್ನು ಒಳಗೆ ಕರೆದುಕೊಳ್ಳಲು ಹಿಂಜರಿಯಬೇಕಾಗಿಲ್ಲ.

ಅಮೆರಿಕದಲ್ಲಿ ಮಕ್ಕಳು ಮನೆಮನೆಗೆ ಹೋಗಿ ಮಿಠಾಯಿ ಬೇಡುವ ಹ್ಯಾಲೊವೀನ್ ಹಬ್ಬದಲ್ಲಿ, 2014ರಿಂದ ಕೆಲವು ಮನೆಗಳವರು ಬಾಗಿಲಲ್ಲಿ ನೀಲಿ-ಹಸಿರು ಬಣ್ಣದ ಕುಂಬಳಕಾಯಿಯನ್ನು ಇಡತೊಡಗಿದರು. ಈ ಮನೆಯಲ್ಲಿ ತಿನಿಸಲ್ಲದ ಚಿಕ್ಕ ಕಾಣಿಕೆಯೂ ದೊರೆಯುತ್ತದೆಂಬುದಕ್ಕೆ ಅದು ಗುರುತು. ಇಲ್ಲಿಯೂ ಹುಟ್ಟುಹಬ್ಬದ ದಿನ ಮಿಠಾಯಿಯ ಬದಲು ಪೆನ್ಸಿಲ್ ಹಂಚಬಹುದು. ಆದರೆ ಈ ನಾಡಿನ ಹಬ್ಬದಲ್ಲಿ ಜೊತೆಗೆ ಕುಳಿತು ಉಣ್ಣುವುದೇ ಮುಖ್ಯ; ಪೆನ್ಸಿಲಿನಿಂದ ಪಂಕ್ತಿ ತುಂಬುವುದಿಲ್ಲ. ಆದುದರಿಂದ ಸಾಲಿನವರೆಲ್ಲರೂ ತಿನ್ನಬಹುದಾದ ಸಿಹಿಯನ್ನೇ ಹುಡುಕಬೇಕು.

ಸಾಲಿನವರೆಲ್ಲರಿಗೂ ಒಂದು ಸಿಹಿ

ಲೋಕದ ಮಕ್ಕಳೆಲ್ಲರಿಗೂ ಒಗ್ಗುವ ಒಂದೇ ಸಿಹಿ ಇಲ್ಲ. ಆದರೆ ಈ ಶಾಲೆಯಲ್ಲಿ ಈ ವರ್ಷ ಓದುತ್ತಿರುವ ಮಕ್ಕಳೆಲ್ಲರಿಗೂ ಒಗ್ಗುವ ಸಿಹಿಯೊಂದು ಇದ್ದೇ ಇರುತ್ತದೆ. ಅದನ್ನು ಕಂಡುಕೊಳ್ಳಲು ಮಕ್ಕಳ ಪಟ್ಟಿ ಬೇಕು. ಶೇಂಗಾ, ಎಳ್ಳು, ಗೋಡಂಬಿ, ಹಾಲು, ಗೋಧಿ - ಈ ಐದೂ ಇಲ್ಲದ ಸಿಹಿಗಳು ಹಳೆಯ ಅಡುಗೆಯಲ್ಲಿಯೇ ಬೇಕಾದಷ್ಟಿವೆ.

ಚುರಮುರಿ ಉಂಡೆ: ಅರ್ಧ ಕಿಲೋ ಚುರಮುರಿಗೆ ಒಂದು ಕಿಲೋ ಬೆಲ್ಲ. ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಸೋಸಿ, ಪಾಕದ ಹನಿಯು ತಣ್ಣೀರಿನಲ್ಲಿ ಗಟ್ಟಿ ಉಂಡೆಯಾಗುವವರೆಗೆ ಕಾಯಿಸಬೇಕು. ಏಲಕ್ಕಿ ಬೆರೆಸಿ, ಚುರಮುರಿ ಸುರಿದು, ಬಿಸಿಯಿರುವಾಗಲೇ ಕೈಗೆ ತೆಂಗಿನೆಣ್ಣೆ ಸವರಿಕೊಂಡು ಉಂಡೆ ಕಟ್ಟಬೇಕು. ಜೋಳದ ಅರಳಿನಿಂದಲೂ ಹೀಗೆಯೇ ಮಾಡಬಹುದು.

ಹೆಸರುಬೇಳೆ ಪಾಯಸ: ಒಂದು ಕಿಲೋ ಹೆಸರುಬೇಳೆ, ಒಂದೂಕಾಲು ಕಿಲೋ ಬೆಲ್ಲ, ನಾಲ್ಕು ತೆಂಗಿನಕಾಯಿಯ ಹಾಲು. ಬೇಳೆಯನ್ನು ಎಣ್ಣೆಯಿಲ್ಲದೆ ಹುರಿದು ಬೇಯಿಸಿ, ಬೆಲ್ಲ ಕರಗಿಸಿ, ಕಡೆಗೆ ಒಲೆಯ ಉರಿ ತಗ್ಗಿಸಿ ಕಾಯಿಹಾಲು ಸೇರಿಸಬೇಕು. ಸುಮಾರು 60 ಮಕ್ಕಳಿಗೆ ಒಂದೊಂದು ಸೌಟಿನಂತೆ ಸಾಕಾಗುತ್ತದೆ. ಹಸುವಿನ ಹಾಲಾಗಲಿ ತುಪ್ಪದ ಒಗ್ಗರಣೆಯಾಗಲಿ ಇದಕ್ಕೆ ಬೇಕಿಲ್ಲ. ಬೇಳೆ ಒಗ್ಗದ ಮಗುವಿದ್ದರೆ ಬೇಳೆಯ ಬದಲು ಅಕ್ಕಿಯ ಪಾಯಸವನ್ನು ಇದೇ ರೀತಿಯಲ್ಲಿ ಮಾಡಬಹುದು.

ಅಕ್ಕಿಹಿಟ್ಟಿನ ಕಾಯಿಕಡುಬು, ಬೆಲ್ಲದವಲಕ್ಕಿ ಇವೂ ಇದೇ ಸಾಲಿಗೆ ಸೇರುತ್ತವೆ. ಸಂಕ್ರಮಣದ ಎಳ್ಳು-ಬೆಲ್ಲದ ತಟ್ಟೆಯ ಪಕ್ಕದಲ್ಲಿ ಕಬ್ಬು, ಬಾರೆಹಣ್ಣು, ಬಾಳೆಹಣ್ಣು ಮೊದಲಿನಿಂದಲೂ ಇದ್ದವು. ಎಳ್ಳು ಒಗ್ಗದ ಮಗುವಿಗೆ ಕಬ್ಬಿನ ಜಲ್ಲೆ ಕೊಟ್ಟು ಒಳ್ಳೆಯ ಮಾತನಾಡಿದರೆ ಹಬ್ಬಕ್ಕೆ ಯಾವ ಕುಂದೂ ಬಾರದು. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಬದಲಿ ಸಿಹಿಯನ್ನು ಆ ಒಂದು ಮಗುವಿಗೆಂದು ಬೊಟ್ಟುಮಾಡಿ ಕೊಡುವುದಕ್ಕಿಂತ, ಇಡೀ ಸಾಲಿಗೆ ಬಡಿಸುವುದು ಮೇಲು. ಆಗ ಮಗುವಿನ ತೊಂದರೆ ಯಾರ ಬಾಯಿಗೂ ಬೀಳದು.

ಅಡುಗೆಮನೆಯ ಕ್ರಮ

ಪದಾರ್ಥ ಶುದ್ಧವಾಗಿದ್ದರೂ ಬೆರಕೆಯಿಂದ ಕೆಡುತ್ತದೆ. ಆದುದರಿಂದ ಅಡುಗೆಯವರು ಈ ಕ್ರಮಗಳನ್ನು ಪಾಲಿಸುವುದು ಕ್ಷೇಮ.

1. ಎಲ್ಲರಿಗೂ ಒಗ್ಗುವ ಸಿಹಿಯನ್ನು ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಮಾಡಿ, ಮುಚ್ಚಿ, ಮೇಲಿನ ಹಲಗೆಯ ಮೇಲಿಡಬೇಕು. ಶೇಂಗಾ, ಎಳ್ಳುಗಳನ್ನು ಆ ಬಳಿಕವೇ ತೆರೆಯಬೇಕು.

2. ಬಾಣಲೆ, ಸೌಟು, ಜರಡಿ, ಒರಳು, ಮಿಕ್ಸರುಗಳನ್ನು ಸಾಬೂನಿನಿಂದ ತೊಳೆದು ಬಳಸಬೇಕು. ಬಟ್ಟೆಯಿಂದ ಒರೆಸಿದರೆ ಸಾಲದು. ಕರಿದ ಎಣ್ಣೆಯನ್ನು ಮತ್ತೆ ಬಳಸಬಾರದು.

3. ಬಡಿಸುವ ಸೌಟು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೋಗಬಾರದು. ಬಡಿಸುವವರೂ ಬೇರೆಯಾಗಿದ್ದರೆ ಉತ್ತಮ.

4. ಚುರಮುರಿ, ಪುಠಾಣಿ, ಶೇಂಗಾಗಳನ್ನು ಅಕ್ಕಪಕ್ಕದ ಚೀಲಗಳಲ್ಲಿಟ್ಟು ಒಂದೇ ಬಟ್ಟಲಿನಿಂದ ಅಳೆಯುವ ಅಂಗಡಿಯಿಂದ ತರುವ ಬದಲು, ಬಾಯಿ ಬಿಚ್ಚದ ಚೀಲವನ್ನು ತರಬೇಕು.

5. ಆ ದಿನದ ಸಿಹಿಯಲ್ಲಿ ಏನೇನಿದೆಯೆಂಬುದನ್ನು ಭೋಜನಶಾಲೆಯ ಹಲಗೆಯ ಮೇಲೆ ಕನ್ನಡದಲ್ಲಿ ಬರೆಯಬೇಕು. ಓದಬಲ್ಲ ಮಗುವಿಗೆ ಅದೇ ಮೊದಲ ರಕ್ಷೆ.

ಪ್ರಸಾದ ಮತ್ತು ಮರ್ಯಾದೆ

ಮಠದ ಶಾಲೆಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪ್ರಸಾದವು ಅಷ್ಟಾವರಣಗಳಲ್ಲಿ ಒಂದು. ಅದನ್ನು ಬೇಡವೆನ್ನುವುದೂ ಎಲೆಯಲ್ಲಿ ಬಿಡುವುದೂ ಅವಿನಯವೆಂದು ಮಕ್ಕಳಿಗೆ ಚಿಕ್ಕಂದಿನಿಂದಲೇ ಕಲಿಸಲಾಗುತ್ತದೆ. ಈ ಶಿಸ್ತು ಶ್ಲಾಘ್ಯವಾದುದು. ಅನ್ನವನ್ನು ಚೆಲ್ಲದ ಸಂಸ್ಕಾರವು ಇಂದಿಗೂ ಬೇಕಾದುದು. ಆದರೆ ಇದೇ ಶಿಸ್ತಿನ ಕಾರಣದಿಂದ, ಗುರುಗಳ ಮುಂದೆ, ಸಾಲಿನ ನಡುವೆ, ಎಂಟು ವರ್ಷದ ಮಗುವೊಂದು 'ನನಗೆ ಇದು ಒಗ್ಗದು' ಎಂದು ಹೇಳಲಾರದೆ ಹೋಗಬಹುದು. 'ಪ್ರಸಾದಕ್ಕೆ ದೋಷವಿಲ್ಲ, ತಗೋ ತಮ್ಮಾ' ಎಂದು ಹಿರಿಯರೊಬ್ಬರು ಪ್ರೀತಿಯಿಂದಲೇ ಒತ್ತಾಯಿಸಬಹುದು. ಶ್ರದ್ಧೆಯು ದೊಡ್ಡದು, ಶರೀರದ ಧರ್ಮವೂ ಅಷ್ಟೇ ನಿಜ. ಸಕ್ಕರೆ ಕಾಯಿಲೆಯುಳ್ಳ ಹಿರಿಯರಿಗೆ ಸಿಹಿಯನ್ನು ಬಡಿಸುವವರು ಒತ್ತಾಯಿಸುವುದಿಲ್ಲ. ಅದೇ ವಿವೇಕ ಮಕ್ಕಳ ವಿಷಯದಲ್ಲಿಯೂ ಸಲ್ಲಬೇಕು.

ಮಗುವು ಬೇಡವೆನ್ನುವ ಸಂದರ್ಭವೇ ಬಾರದಂತೆ ನೋಡಿಕೊಳ್ಳುವುದು ಹಿರಿಯರ ಹೊಣೆ. ಪ್ರವೇಶದ ಅರ್ಜಿಯಲ್ಲಿ ಹುಟ್ಟಿದ ದಿನಾಂಕ, ಜಾತಿ, ತಂದೆಯ ಉದ್ಯೋಗಗಳನ್ನು ಕೇಳುವ ಕಡೆ, 'ಮಗುವಿಗೆ ಒಗ್ಗದ ಆಹಾರ ಯಾವುದು? ತಿಂದಾಗ ಏನಾಗುತ್ತದೆ? ವೈದ್ಯರ ಸಲಹೆಯೇನು?' ಎಂಬ ಮೂರು ಸಾಲುಗಳನ್ನು ಸೇರಿಸಬಹುದು. ಮನೆಯಿಂದ ದೂರ ಬಂದು ಪ್ರಸಾದ ನಿಲಯದಲ್ಲಿ ಇರುವ ಮಗುವಿನ ವಿಷಯದಲ್ಲಿ ಇದು ಅತ್ಯವಶ್ಯ. ಆ ತಿಳಿವಳಿಕೆಯು ಅದುವರೆಗೆ ತಾಯಿಯ ತಲೆಯಲ್ಲಿ ಮಾತ್ರ ಇರುತ್ತದೆ. ಊರಿನ ಬಸ್ಸು ಹೊರಟೊಡನೆ ಅದೂ ಮರಳಿ ಹೋಗುತ್ತದೆ. ಆ ಮೂರು ಸಾಲುಗಳು ಕಚೇರಿಯ ಕಡತದಲ್ಲಿಯೇ ಉಳಿಯದೆ ವರ್ಗಶಿಕ್ಷಕರಿಗೂ, ನಿಲಯಪಾಲಕರಿಗೂ, ಅಡುಗೆಯವರಿಗೂ ತಲುಪಬೇಕು. ವರ್ಷಕ್ಕೊಮ್ಮೆ ಅವುಗಳನ್ನು ಹೊಸದಾಗಿ ಬರೆದುಕೊಳ್ಳಬೇಕು. ಹಾಲು, ಮೊಟ್ಟೆಗಳ ಅಲರ್ಜಿ ಹಲವು ಮಕ್ಕಳಲ್ಲಿ ಬೆಳೆಯುತ್ತ ಬೆಳೆಯುತ್ತ ಮಾಯವಾಗುತ್ತದೆ. ಶೇಂಗಾದ್ದು ಬಹುಮಟ್ಟಿಗೆ ಉಳಿಯುತ್ತದೆ.

ಈ ಸಂದರ್ಭದಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಅಲರ್ಜಿಯ ಭಯದಿಂದ ಹಸುಗೂಸುಗಳಿಗೆ ಶೇಂಗಾವನ್ನು ಮೂರು ವರ್ಷ ತುಂಬುವವರೆಗೆ ಕೊಡಬಾರದೆಂಬ ಸಲಹೆಯು 2000ದಲ್ಲಿ ಅಮೆರಿಕದಲ್ಲಿ ಹೊರಟಿತ್ತು. 2008ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಲಂಡನ್ನಿನಲ್ಲಿ 640 ಶಿಶುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗವು, ಅಪಾಯವುಳ್ಳ ಶಿಶುಗಳಿಗೂ ವೈದ್ಯರ ನಿಗಾದಲ್ಲಿ ಮೊದಲ ವರ್ಷದಲ್ಲಿಯೇ ಶೇಂಗಾದ ರುಚಿ ತೋರಿಸಿದರೆ ಅಲರ್ಜಿ ಬಹಳಷ್ಟು ಕಡಿಮೆಯಾಗುವುದೆಂದು ತೋರಿಸಿತು. ಇದು ಶಿಶುಗಳ ಮಾತು. ಈಗಾಗಲೇ ಅಲರ್ಜಿಯಿರುವ ಶಾಲಾಬಾಲಕನಿಗೆ ಸ್ವಲ್ಪಸ್ವಲ್ಪ ತಿನ್ನಿಸಿ ರೂಢಿಮಾಡಿಸುತ್ತೇವೆಂದು ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಯಾರೂ ಹೊರಡಬಾರದು.

ಅಪಾಯ ಬಂದೊದಗಿದಾಗ

ಎಷ್ಟು ಎಚ್ಚರವಿದ್ದರೂ ಒಮ್ಮೆ ತಪ್ಪಬಹುದು. ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಗಳ ಒಳಗೆ ಲಕ್ಷಣಗಳು ತೋರುವುದು ಸಾಮಾನ್ಯ. ಬರಿಯ ದದ್ದು, ತುರಿಕೆಗಳಿದ್ದರೆ ಮಗುವಿನ ಬಳಿಯೇ ಇದ್ದು ಎಚ್ಚರದಿಂದ ನೋಡುತ್ತ ಮನೆಯವರಿಗೂ ವೈದ್ಯರಿಗೂ ತಿಳಿಸಬೇಕು. ದನಿ ಬದಲಾಗುವುದು, ನಾಲಗೆ ಊದುವುದು, ಉಬ್ಬಸ, ಬಿಡದ ಕೆಮ್ಮು, ಮತ್ತೆ ಮತ್ತೆ ವಾಂತಿ, ಮಂಕು, ಕುಸಿತ - ಇವುಗಳಲ್ಲಿ ಒಂದು ಕಂಡರೂ ಅದು ತುರ್ತು ಸ್ಥಿತಿ. ಆಗ ಮಗುವನ್ನು ಅಂಗಾತ ಮಲಗಿಸಿ ಕಾಲುಗಳನ್ನು ಎತ್ತರಿಸಬೇಕು. ಉಸಿರಿಗೆ ಕಷ್ಟವಾದರೆ ಒರಗಿ ಕೂರಿಸಬಹುದು. ವಾಂತಿಯಿದ್ದರೆ ಮಗ್ಗುಲಾಗಿ ಮಲಗಿಸಬೇಕು. ನಡೆಸಿಕೊಂಡು ಹೋಗಕೂಡದು. ತಡಮಾಡದೆ 108ಕ್ಕೆ ಕರೆಮಾಡಬೇಕು. ಇಲ್ಲವೇ ಮೊದಲು ದೊರೆತ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಸಾಗಿಸಬೇಕು.

ಇದಕ್ಕೆ ಮೊದಲ ಮತ್ತು ಮುಖ್ಯವಾದ ಔಷಧ ಅಡ್ರಿನಾಲಿನ್ ಚುಚ್ಚುಮದ್ದು. ತೊಡೆಯ ಹೊರಭಾಗದ ಸ್ನಾಯುವಿಗೆ ಅದನ್ನು ಕೊಡುತ್ತಾರೆ. ತುರಿಕೆಗೆ ಕೊಡುವ ಗುಳಿಗೆಯು ಅದರ ಸ್ಥಾನವನ್ನು ತುಂಬಲಾರದು. ವೈದ್ಯರು ಮಗುವಿಗೆ ಆ ಔಷಧವನ್ನು ಬರೆದುಕೊಟ್ಟಿದ್ದರೆ, ಅದು ಬೀಗ ಹಾಕಿದ ಕಪಾಟಿನಲ್ಲಿರದೆ ಕೈಗೆಟಕುವಂತಿರಬೇಕು. ಕನಿಷ್ಠ ಇಬ್ಬರು ಶಿಕ್ಷಕರು ಅದರ ಬಳಕೆಯನ್ನು ವೈದ್ಯರಿಂದಲೇ ಕಲಿತಿರಬೇಕು. ಲಕ್ಷಣಗಳು ಇಳಿದರೂ ಕೆಲವು ಗಂಟೆಗಳ ಬಳಿಕ ಮರುಕಳಿಸಬಹುದಾದುದರಿಂದ ಆಸ್ಪತ್ರೆಯ ನಿಗಾ ತಪ್ಪಿಸಬಾರದು.

ದಾನಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ

ಮಕ್ಕಳಿಗೆ ಸಿಹಿ ಹಂಚಿಸುವುದು ದಾನಿಗಳಿಗೆ ಪ್ರಿಯವಾದ ಸೇವೆ. ತಂದೆತಾಯಿಗಳ ಪುಣ್ಯಸ್ಮರಣೆಗೆ, ಮಗನ ಮದುವೆಗೆ, ಮೊಮ್ಮಗಳ ತೊಟ್ಟಿಲಿಗೆ ಶಾಲೆಗೆ ಸಿಹಿಯ ಪೆಟ್ಟಿಗೆಗಳು ಬರುತ್ತವೆ. ಬಿಡಿಯಾಗಿ ತೂಗಿ ಕಟ್ಟಿಸಿದ ಸಿಹಿಯ ಮೇಲೆ ಪದಾರ್ಥಗಳ ವಿವರವಿರುವುದಿಲ್ಲ. ಅದರಲ್ಲಿ ಏನಿದೆಯೆಂಬುದು ಶಾಲೆಯ ಅಡುಗೆಯವರಿಗೂ ತಿಳಿಯದು. ಆದುದರಿಂದ ದಾನಿಗಳು ಒಂದು ವಾರ ಮುಂಚಿತವಾಗಿ ಶಾಲೆಗೆ ತಿಳಿಸಿ, ಅಂಗಡಿಯವರಿಂದ ಪದಾರ್ಥಗಳ ಪಟ್ಟಿಯನ್ನು ಬರೆಯಿಸಿ ತಂದರೆ ಅವರ ದಾನಕ್ಕೆ ಪೂರ್ಣತೆ ಬರುತ್ತದೆ. ಅಕ್ಕಿ, ಬೆಲ್ಲ, ತೆಂಗಿನಕಾಯಿಗಳನ್ನು ಕೊಟ್ಟು ಶಾಲೆಯ ಅಡುಗೆಮನೆಯಲ್ಲಿಯೇ ಪಾಯಸ ಮಾಡಿಸಿದರೆ ಇನ್ನೂ ಲೇಸು. ಒಂದು ಜೊತೆ ಪ್ರತ್ಯೇಕ ಬಾಣಲೆ, ಪಾತ್ರೆ, ಸೌಟುಗಳನ್ನು ಕೊಡಿಸುವುದೂ ಬಹುಕಾಲ ನಿಲ್ಲುವ ಸೇವೆಯೇ. ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾದವರು ವರ್ಷಕ್ಕೊಂದು ದಿನ ಬಂದು ಶಿಕ್ಷಕರಿಗೂ ಅಡುಗೆಯವರಿಗೂ ತರಬೇತಿ ಕೊಟ್ಟರೆ, ತಾವು ಉಂಡ ಅನ್ನದ ಋಣವನ್ನು ತೀರಿಸಲು ಅದೊಂದು ದಾರಿ.

ಉಪಸಂಹಾರ

ದಾಸೋಹವೆಂಬ ಪದಕ್ಕೆ ಈ ನಾಡಿನಲ್ಲಿ ಎಂಟು ಶತಮಾನಗಳಿಗೂ ಮೀರಿದ ಚರಿತ್ರೆಯಿದೆ. ತುಮಕೂರಿನ ಸಿದ್ಧಗಂಗೆಯಂಥ ಕ್ಷೇತ್ರಗಳಲ್ಲಿ ಅನ್ನ, ಅಕ್ಷರ, ಆಶ್ರಯಗಳು ಒಂದೇ ಸೂರಿನಡಿಯಲ್ಲಿ ಸಾವಿರಾರು ಮಕ್ಕಳಿಗೆ ದೊರೆತಿವೆ. ಹಸಿದು ಬಂದವರ ಕುಲವನ್ನು ಕೇಳದೆ ಬಡಿಸುವುದು ಈ ಪರಂಪರೆಯ ಹೆಗ್ಗಳಿಕೆ. ಕುಲವನ್ನು ಕೇಳದ ಬಾಯಿಯೇ 'ಮಗೂ, ನಿನಗೆ ಯಾವುದು ಒಗ್ಗದು?' ಎಂದು ಕೇಳುವುದನ್ನು ಕಲಿತರೆ ಆ ಹೆಗ್ಗಳಿಕೆ ಇನ್ನಷ್ಟು ಬೆಳೆಯುತ್ತದೆ. ಮುಂದಿನ ಸಂಕ್ರಮಣದಲ್ಲಿ ಪಂಕ್ತಿಯ ಕೊನೆಯಲ್ಲಿ ಕುಳಿತ ಆ ಮಗುವಿನ ಎಲೆಯ ಮೇಲೂ ಉಳಿದವರ ಎಲೆಯಲ್ಲಿರುವ ಸಿಹಿಯೇ ಇರಲಿ. ಅದು ಭಯವಿಲ್ಲದೆ ತಿನ್ನುವಂತಾಗಲಿ.